ವನಗೂರಿನ ಗುಟ್ಟಿನ ಮಡು

ಯಸಳೂರು ಹೈಸ್ಕೂಲಿನ ಪಿ.ಟಿ. ಟೀಚರ್ ದ್ರಾಕ್ಷಾಯಣಿ ಕೈ ಹಾಕಿದ ಕೆಲಸವನ್ನು ಅರ್ಧಕ್ಕೆ ಬಿಡುವವಳಲ್ಲ. ಬೇಸಿಗೆ ರಜೆಯಲ್ಲಿ ಹೊಳೆ ದಂಡೆಯಲ್ಲಿ ಉಳಿದು ಮೀನು ಹಿಡಿಯೋಣ ಎಂದು ಅವಳ ತಮ್ಮ ಗುರು ಬಾಯಿ ತೆಗೆದದ್ದೇ ತಡ, ಇಡೀ ಏರ್ಪಾಡು ಅವಳ ಕೈಗೆ ಬಂತು. ಟಾರ್ಪಾಲು, ನೈಲಾನ್ ಹಗ್ಗ, ಅಕ್ಕಿ, ಖಾರದಪುಡಿ, ಬಲೆ ಬಿಡಲು ಲಾರಿಯ ಹಳೇ ಟ್ಯೂಬು, ಎಲ್ಲವನ್ನೂ ಜಗಲಿಯ ಮೇಲೆ ಹರವಿ ಎಳೆದು ಜಗ್ಗಿ ನೋಡಿದಳು. ಜೀಪು ಗುರುವಿನ ಗೆಳೆಯ ಜಾಹಿದನದು. ವನಗೂರಿನ ಕಡಿದಾದ ರಸ್ತೆಯಲ್ಲಿ ಎಸ್ಟೇಟಿನ ಆಳುಗಳನ್ನು ಸಾಗಿಸಿ ಪಳಗಿದವನು ಅವನು.

ಜಾಹಿದನ ತಾಯಿ ಫಹಮೀದಾಗೆ ಮಾತ್ರ ಸಮಾಧಾನವಿರಲಿಲ್ಲ.

“ನಮ್ಮವನಿಗೆ ಈಜು ಬರಲ್ಲ ಕಣಮ್ಮ. ನೀನು ಇರ್ತೀಯ ಅಂತ ಕಳಿಸ್ತಾ ಇದೀನಿ.”

“ನಾನೇ ಕರ್ಕಂಡು ಬಂದು ನಿಮ್ಮ ಬಾಗಿಲಲ್ಲಿ ನಿಲ್ಲಿಸ್ತೀನಿ, ಫಹಮೀದಮ್ಮ” ಎಂದಳು ದ್ರಾಕ್ಷಾಯಣಿ.

ವನಗೂರು ದಾಟಿ, ಏಲಕ್ಕಿ ತೋಟದ ಕೊನೆಯಲ್ಲಿ ಜೀಪು ನಿಲ್ಲಿಸಿ, ಮೂವರೂ ಹೊರೆ ಹೊತ್ತು ಕಾಡಿಗೆ ಇಳಿದರು. ಕೆಳಗೆ ಹೊಳೆ ಬಂಡೆಗಳ ನಡುವೆ ನುಸುಳಿಕೊಂಡು ಬಂದು, ಒಂದು ಕಡೆ ನಡೆದು ದಾಟಬಹುದಾದ ಮೊಣಕಾಲುದ್ದದ ಹಾಯ್ಗಡವಾಗಿ ಹರಡಿ, ಆಮೇಲೆ ಆಳವಾದ ಮಡುವಿಗೆ ಬೀಳುತ್ತಿತ್ತು. ಹೊಳೆ ದಾಟಿ ಆಚೆ ದಡದ ಮರಳಿನ ಮೇಲೆ ಟಾರ್ಪಾಲು ಕಟ್ಟಿದರು. ಸಂಜೆಯೊಳಗೆ ಗುರುವಿನ ಗಾಳಕ್ಕೆ ಸಾರಿಗಾಗುವಷ್ಟು ಮೀನು ಬಿತ್ತು. ಅಂಥ ಸಾರು ತಾವು ಹುಟ್ಟಿದ ಮೇಲೆ ಉಂಡಿಲ್ಲ ಎಂದು ಮೂವರೂ ಒಪ್ಪಿಕೊಂಡರು.

ಮಾರನೇ ದಿನ ಬೆಳಿಗ್ಗೆ ಜಾಹಿದ್ ಪಾಚಿಬಂಡೆಯ ಮೇಲೆ ಜಾರಿದ. ಎಡಗಾಲು ಸಂದಿಗೆ ಸಿಕ್ಕಿ ಲಟಕ್ಕೆಂದಿತು.

ದ್ರಾಕ್ಷಾಯಣಿ ಬಿದಿರು ಸೀಳಿ, ಟವೆಲ್ ಹರಿದು ಕಾಲಿಗೆ ಕಟ್ಟು ಹಾಕಿದಳು. ಅಷ್ಟರಲ್ಲಿ ಘಟ್ಟದ ತಲೆಯ ಮೇಲೆ ಗುಡುಗು ಶುರುವಾಯಿತು. ಮೇಲೆ ಮಳೆ ಹಿಡಿದಿತ್ತು. ನೋಡುನೋಡುತ್ತಿದ್ದಂತೆ ಹೊಳೆಯ ನೀರು ಕೆಂಪಾಯಿತು.

“ಹೊಳೆ ಏರಿದ್ರೂ ಚಿಂತೆ ಇಲ್ಲ. ನಾವು ಬರದೇ ಇದ್ರೆ ಅಪ್ಪಾಜಿ ಜನ ಕಟ್ಕಂಡು ಇಲ್ಲಿಗೆ ಬರ್ತಾರೆ” ಎಂದಳು.

ಗುರು ತಲೆ ಕೆರೆದುಕೊಂಡ. “ಬರ್ತಾರೆ ಕಣಕ್ಕ. ಆದ್ರೆ ಇಲ್ಲಿಗಲ್ಲ. ನಾನು ಮನೇಲಿ ದೋಣಿಗಲ್ ಹೊಳೆಗೆ ಹೋಗ್ತೀವಿ ಅಂತ ಹೇಳ್ಬುಟ್ಟಿದೀನಿ.”

ಮೀನಿಗೆ ಹೊರಟವರು ಮಡುವಿನ ಜಾಗ ನಿಜ ಹೇಳಬಾರದು. ಹೇಳಿದರೆ ಗಾಳ ಬರಿದೇ ಮೇಲೆ ಬರುತ್ತದೆ, ಮರುವಾರ ಅರ್ಧ ಊರು ಅಲ್ಲೇ ಬಲೆ ಹಾಕಿರುತ್ತದೆ. ಇದು ಆ ಕಡೆಯ ಮೀನಿನ ಹುಚ್ಚರ ಕಟ್ಟಳೆ. ಗುರು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದ.

“ನಿನ್ನ ಮೀನಿನ ಮನೆ ಹಾಳಾಗ!” ದ್ರಾಕ್ಷಾಯಣಿಗೆ ಕೋಪ ಬಂತು. ಕೋಪಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಫಹಮೀದಮ್ಮನ ಮುಖ ಕಣ್ಣ ಮುಂದೆ ಬಂತು.

“ನೀವಿಬ್ರೂ ದಾಟಿ ಜನ ಕರ್ಕಂಡು ಬನ್ನಿ ಅಕ್ಕ” ಎಂದ ಜಾಹಿದ್.

“ಅಷ್ಟೊತ್ತಿಗೆ ಹೊಳೆ ತುಂಬ್ಕಂಡಿರ್ತದೆ. ಹೋದ್ರೆ ಮೂರೂ ಜನ ಹೋಗೋದು. ಏಳೋ ಗುರು, ಹಗ್ಗ ತಗಾ!”

ಗುರು ಹಗ್ಗದ ತುದಿ ಸೊಂಟಕ್ಕೆ ಬಿಗಿದು ನೀರಿಗಿಳಿದ. ಹಾಯ್ಗಡ ಆಗಲೇ ಎದೆಮಟ್ಟ ಏರಿತ್ತು. ಎರಡು ಸಲ ಮುಗ್ಗರಿಸಿದ, ಎದ್ದ, ಆಚೆ ಮುಟ್ಟಿ ಹೊಳೆಮತ್ತಿ ಮರಕ್ಕೆ ಹಗ್ಗ ಬಿಗಿದ. ಈಚೆ ತುದಿಯನ್ನು ದ್ರಾಕ್ಷಾಯಣಿ ಬಂಡೆಗೆ ಸುತ್ತಿದಳು. ಜಾಹಿದನನ್ನು ಟ್ಯೂಬಿನಲ್ಲಿ ಕೂರಿಸಿ, ಬಲೆಯ ದಾರದಿಂದ ಕಟ್ಟಿದಳು.

“ಹಗ್ಗ ಬುಡಬೇಡ. ನೀರು ನೋಡಬೇಡ, ಗುರೂನ ನೋಡು” ಎಂದು ಟ್ಯೂಬನ್ನು ತಳ್ಳುತ್ತಾ ತಾನೂ ನೀರಿಗಿಳಿದಳು.

ನಡುಹೊಳೆಯಲ್ಲಿ ಮರದ ಕೊರಡೊಂದು ತೇಲಿ ಬಂತು.

“ಅಕ್ಕಾ!” ಎಂದು ಗುರು ದಡದಿಂದ ಕೂಗಿದ.

ಅವಳು ಟ್ಯೂಬಿಗೆ ಬೆನ್ನು ಕೊಟ್ಟು ನಿಂತಳು. ಕೊರಡು ಭುಜಕ್ಕೆ ಬಡಿಯಿತು. ಕಾಲು ನೆಲ ಬಿಟ್ಟಿತು. ಕೈ ಮಾತ್ರ ಹಗ್ಗ ಬಿಡಲಿಲ್ಲ.

“ಎಳಿಯೋ!” ಎಂದು ಕಿರುಚಿದಳು. ಗುರು ನೀರಿಗಿಳಿದು ಟ್ಯೂಬು ಹಿಡಿದು ಎಳೆದ. ಜಾಹಿದನೂ ಒಂದು ಕೈಯಲ್ಲಿ ಅವಳ ರಟ್ಟೆ ಹಿಡಿದು ಎಳೆದ. ಮೂವರೂ ದಡದ ಕೆಸರಲ್ಲಿ ಒಬ್ಬರ ಮೇಲೊಬ್ಬರು ಬಿದ್ದರು.

ಜಾಹಿದನನ್ನು ಹೆಗಲಿಗೆ ಆನಿಸಿಕೊಂಡು ಏರು ಹತ್ತಿ ಜೀಪು ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿತ್ತು. ಓಡಿಸಲು ಬರುವವನು ಜಾಹಿದನೊಬ್ಬನೇ, ಅವನ ಕ್ಲಚ್ಚಿನ ಕಾಲೇ ಮುರಿದಿತ್ತು. ದ್ರಾಕ್ಷಾಯಣಿ ಪಕ್ಕದಲ್ಲಿ ಒತ್ತರಿಸಿ ಕೂತು ಕ್ಲಚ್ ತುಳಿಯಲು ತನ್ನ ಕಾಲು ಚಾಚಿದಳು.

“ಒತ್ತಕ್ಕ... ಬುಡಕ್ಕ!” ಎಂದ ಜಾಹಿದ್.

ಜೀಪು ಕಪ್ಪೆಯ ಹಾಗೆ ಕುಪ್ಪಳಿಸಿ ನಿಂತಿತು.

“ಮೆತ್ತಗೆ ಮಾರಾಯ್ತಿ! ಇದೇನ್ ವಿಷಲ್ ಊದಿದಂಗಾ?”

ಬೈದು, ನಕ್ಕು, ನೋವಿಗೆ ಹಲ್ಲು ಕಚ್ಚಿ, ತಿರುವಿನ ಮೇಲೆ ತಿರುವು ದಾಟಿಸಿ ಅವರು ಯಸಳೂರು ಸೇರಿದರು. ಆಸ್ಪತ್ರೆಯಲ್ಲಿ ಕಾಲಿಗೆ ಪಟ್ಟಿ ಹಾಕಿಸಿಕೊಂಡು, ಅಕ್ಕತಮ್ಮಂದಿರ ಹೆಗಲ ಮೇಲೆ ಭಾರ ಬಿಟ್ಟು, ಜಾಹಿದ್ ತನ್ನ ಮನೆ ಬಾಗಿಲಲ್ಲಿ ಒಂಟಿ ಕಾಲಲ್ಲಿ ನಿಂತ.

ಫಹಮೀದಾ ಮಗನ ತಲೆ, ಬೆನ್ನು, ಕೈ ಸವರಿ ನೋಡಿದರು. ಕಾಲು ಕೂಡಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಗುರು ಎರಡು ಸಲ ಹೇಳಿದ. ಬೈಗುಳಕ್ಕೆ ತಯಾರಾಗಿ ನಿಂತಿದ್ದಳು ದ್ರಾಕ್ಷಾಯಣಿ. ಫಹಮೀದಾ ಅವಳ ಕಡೆ ತಿರುಗಿ, ಬಾವು ಬಂದ ಭುಜ ಮುಟ್ಟಿದರು.

“ನಿಂಗೆ ನೋವಾಯ್ತೇನಮ್ಮ?”

ಬೆಳಿಗ್ಗೆಯಿಂದ ಆ ಮಾತನ್ನು ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಇಲ್ಲ ಎನ್ನಲು ಹೋದವಳು ಮಗುವಿನಂತೆ ಅತ್ತುಬಿಟ್ಟಳು. ಮೂವರೂ ಬಂದೆವಲ್ಲ ಎಂಬ ಹೆಮ್ಮೆಯೂ ಆ ಅಳುವಿನಲ್ಲೇ ಇತ್ತು.