ಹೊಡೆಯದೇ ಬಿಟ್ಟ ಚಪ್ಪಾಳೆ

“ಸ್ವಲ್ಪ ತಲೆ ಎತ್ತಿ ಸರ್... ಇನ್ನೂ ಸ್ವಲ್ಪ.”

ಅವನ ಕಾಲರಿಗೆ ಗುಂಡಿಯಷ್ಟು ಚಿಕ್ಕ ಮೈಕ್ ಸಿಕ್ಕಿಸುತ್ತಿದ್ದ ಅವಳ ಬೆರಳುಗಳಿಂದ ಕ್ಲಿಪ್ಪು ಎರಡು ಸಲ ಜಾರಿತು. ಹೊಲಿಗೆ ಅಂಗಡಿಯವಳು, ದಿನವಿಡೀ ಕಾಲರುಗಳ ನಡುವೆಯೇ ಬದುಕುವವಳು. ಆದರೆ ಆ ಕಾಲರುಗಳೊಳಗೆ ಕತ್ತು ಇರುವುದಿಲ್ಲವಲ್ಲ.

“ಅಂದಾಜಿನಲ್ಲಿ ಚುಚ್ಚಿಬಿಡಬೇಡಿ, ಅಂದಾಜಮ್ಮ,” ಎಂದ ಅವನು, ನಗು ತಡೆದುಕೊಂಡು.

ಟೇಪು ಹಿಡಿಯದೆ ಬಟ್ಟೆ ಕತ್ತರಿಸುತ್ತಾಳೆಂದು ಅವನೇ ಇಟ್ಟ ಹೆಸರು ಅದು. ಅವನು ವಿಡಿಯೋ ಎಡಿಟರ್. ಬಿಡುವಿನಲ್ಲಿ ಸಮಾರಂಭಗಳ ವಿಡಿಯೋ ತೆಗೆಯಲು ಕಲಿಯುವವರಿಗೆಲ್ಲ ಅವನ ಅಂಗಡಿಯೇ ಪಾಠಶಾಲೆ. ಇವತ್ತು ಹೆಡ್‌ಮಿಸ್ ಆಗಿದ್ದ ಅವನ ಸೋದರತ್ತೆಯ ಬೀಳ್ಕೊಡುಗೆ. ಭಾಷಣ ಅವನದಾದ್ದರಿಂದ ಕ್ಯಾಮೆರಾ ಅವಳ ಪಾಲಿಗೆ ಬಂದಿತ್ತು. ಅವಳ ಮೊಟ್ಟಮೊದಲ ಕೆಲಸ.

“ಈ ಮೈಕಿನ ಮಾತು ನನ್ನ ಜೇಬಲ್ಲಿರೋ ರೆಕಾರ್ಡರಿಗೆ ಹೋಗುತ್ತೆ, ಕ್ಯಾಮೆರಾಕ್ಕಲ್ಲ; ಕ್ಯಾಮೆರಾಕ್ಕೆ ಅದರದೇ ಮೈಕ್ ಬೇರೆ ಇದೆ. ಅದಕ್ಕೇ ಕ್ಯಾಮೆರಾ ಆನ್ ಮಾಡಿದಾಗಲೆಲ್ಲ ಒಂದು ಚಪ್ಪಾಳೆ ಹೊಡೀರಿ. ಆಮೇಲೆ ಚಿತ್ರ, ಮಾತು ಎರಡನ್ನೂ ಆ ಚಪ್ಪಾಳೆಗೇ ಜೋಡಿಸ್ಬೇಕು. ಮರೀಬೇಡಿ.”

“ಹೂಂ,” ಎಂದಳು. ಅವನ ಕಣ್ಣು ನೋಡುತ್ತಿದ್ದವಳಿಗೆ ಮಾತು ಅರ್ಧವೇ ಕೇಳಿಸಿತ್ತು.

ಕೆಲವು ದಿನಗಳ ನಂತರ, ಗಿರಾಕಿಗಳಿಲ್ಲದ ಮಧ್ಯಾಹ್ನ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎಡಿಟಿಂಗಿಗೆ ಕುಳಿತಳು. ಅವನ ಭಾಷಣದಲ್ಲಿ ತುಟಿಗೂ ಮಾತಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅವಳಿಗೆ ಹೆಮ್ಮೆಯಾಯಿತು.

ಮುಂದೆ ಕಾಫಿಯ ಹೊತ್ತು. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಓಡುತ್ತಲೇ ಬಿಟ್ಟು ಅವಳು ಆಚೆ ಹೋಗಿದ್ದಳು. ತೆರೆಯ ಮೇಲೆ ಅವನ ಬೆನ್ನು, ಎದುರಿಗೆ ಅವನ ಅತ್ತೆ.

“ಲೋ, ಆ ಕ್ಯಾಮೆರಾ ಹುಡುಗಿ ನಿನಗೆ ಹಿಡಿಸಿದ್ದಾಳೆ ತಾನೆ? ಅವರ ಮನೇಲಿ ನಾನು ಕೇಳ್ಲಾ?”

ಅವಳು ಲ್ಯಾಪ್‌ಟಾಪಿನತ್ತ ಬಾಗಿದಳು.

“ಬೇಡ,” ಎಂದಿತು ಅವನ ದನಿ. “ಬೆಳಿಗ್ಗೆಯಿಂದ ಇದೇ ಆಯ್ತು. ನೋಡಿದ್ರೇ ಸಾಕಾಗಿದೆ.”

ಮತ್ತೆ ಹಾಕಿದಳು. ಅದೇ ಪ್ರಶ್ನೆ, ಅದೇ ಉತ್ತರ. ಲ್ಯಾಪ್‌ಟಾಪ್ ಮುಚ್ಚಿಬಿಟ್ಟಳು. ಮುಂದಿನದನ್ನು ಕೇಳುವ ಧೈರ್ಯ ಯಾರಿಗಿತ್ತು?

‘ಬೇಡ ಅಂದಿದ್ದರೆ ಸಾಕಾಗುತ್ತಿರಲಿಲ್ಲವಾ? ನೋಡಿದರೇ ಸಾಕಾಗಿದೆ ಅನ್ನಬೇಕಿತ್ತಾ? ಹಾಗಾದರೆ ಅಂದಾಜಮ್ಮ ಅಂತ ನಕ್ಕಿದ್ದು ಯಾಕೆ?’

ಇನ್ನೊಂದು ವಿಷಯದ ತಲೆಬುಡ ಅವಳಿಗೆ ತಿಳಿಯಲಿಲ್ಲ. ಆ ಉತ್ತರ ಕೇಳಿದ ಮೇಲೂ ತೆರೆಯ ಮೇಲೆ ಅತ್ತೆ ನಗುತ್ತಾ ಅವನ ಕೆನ್ನೆ ಹಿಂಡಿದ್ದರು. ಮಾತು ಏರಿಗೆಳೆದರೆ ಚಿತ್ರ ನೀರಿಗೆಳೆಯುತ್ತಿತ್ತು. ಯಾವುದನ್ನು ನಂಬುವುದು? ನೋವಾದಾಗ ಎಲ್ಲರೂ ಮಾಡುವಂತೆ ಅವಳೂ ನೋಯಿಸಿದ್ದನ್ನೇ ನಂಬಿದಳು.

ಮರುದಿನ ಅವನ ಅಂಗಡಿಯ ಮೇಜಿನ ಮೇಲೆ ಎಲ್ಲವನ್ನೂ ತಂದಿಟ್ಟಳು.

“ತಗೊಳ್ಳಿ ಸರ್, ನಿಮ್ಮ ಕ್ಯಾಮೆರಾ, ಲ್ಯಾಪ್‌ಟಾಪ್. ನನಗೆ ಹೊಲಿಗೇನೇ ಸರಿ. ಇನ್ಮೇಲೆ ಬರಲ್ಲ.”

“ಏನಾಯ್ತು?”

“ಏನಿಲ್ಲ.”

“ಏನಿಲ್ಲ ಅನ್ನೋರ ಮುಖ ಹೀಗಿರಲ್ಲ,” ಎನ್ನುತ್ತಾ ಅವನು ಲ್ಯಾಪ್‌ಟಾಪ್ ತೆರೆದ. ಅವಳು ನಿಲ್ಲಿಸಿದ್ದ ಕಡೆಯಲ್ಲೇ ವಿಡಿಯೋ ನಿಂತಿತ್ತು. ಸ್ವಲ್ಪ ಹಿಂದೆ ಸರಿಸಿ ಹಾಕಿದ. ಅತ್ತೆಯ ಪ್ರಶ್ನೆ. ಅವನ ಉತ್ತರ.

ಅವನ ಮುಖ ಬಿಳಿಚಿಕೊಂಡಿತು. “ಇದು... ನಾನು ಹೇಳಿದ್ದೇ. ಆದ್ರೆ ಇಲ್ಲಿ ಹೇಳಿದ್ದಲ್ಲ.”

“ಎಲ್ಲಿ ಹೇಳಿದ್ರೂ ಮಾತು ಮಾತೇ ಸರ್.” ಅವಳು ಬಾಗಿಲಿನತ್ತ ತಿರುಗಿದಳು.

ಅವನು ವಿಡಿಯೋ ನಿಲ್ಲಿಸಲಿಲ್ಲ. ತೆರೆಯ ಮೇಲೆ ಜನ ಕರಗಿ ಖಾಲಿ ಕುರ್ಚಿಗಳಷ್ಟೇ ಉಳಿದವು. ಆಗ ಕಾಲರಿನ ಮೈಕಿನಿಂದ ಮೆಲ್ಲಗೆ ಅತ್ತೆಯ ದನಿ ಬಂತು: “ಲೋ, ಆ ಕ್ಯಾಮೆರಾ ಹುಡುಗಿ...”

ಅವನು ಥಟ್ಟನೆ ನಿಲ್ಲಿಸಿದ. ಬಾಗಿಲಲ್ಲಿ ಅವಳೂ ನಿಂತಳು.

“ಅತ್ತೆ ಎರಡು ಸಲ ಕೇಳಿದ್ರಾ?”

“ಕೇಳಿದ್ದು ಒಂದೇ ಸಲ. ಮಧ್ಯದಲ್ಲಿ ಕ್ಯಾಮೆರಾ ಆಫ್ ಮಾಡಿದ್ರಾ?”

“ಬ್ಯಾಟರಿ ಮುಗೀತು. ಬೇರೆ ಹಾಕ್ದೆ.”

“ಹಾಕಿದ ಮೇಲೆ ಚಪ್ಪಾಳೆ?”

ಅವಳು ನೆಲ ನೋಡಿದಳು. “ಅಷ್ಟು ಜನರ ಮುಂದೆ ಒಬ್ಬಳೇ ಚಪ್ಪಾಳೆ ಹೊಡೆಯೋಕೆ... ನಾಚಿಕೆ ಆಯ್ತು.”

ಅವನು ನಗಬೇಕೋ ಅಳಬೇಕೋ ತಿಳಿಯದೆ ಹಣೆ ಹಿಡಿದುಕೊಂಡ. “ಕ್ಯಾಮೆರಾ ನಿಂತಿತ್ತು, ನನ್ನ ರೆಕಾರ್ಡರ್ ಓಡ್ತಾನೇ ಇತ್ತು ಕಣ್ರೀ. ನೀವು ಮಧ್ಯದ ಜಾಗ ಬಿಡದೆ ಎರಡು ತುಂಡು ಚಿತ್ರಾನ ಜೋಡಿಸಿ ಹೊಲಿದುಬಿಟ್ಟಿದ್ದೀರಿ. ಅದಕ್ಕೇ ರೆಕಾರ್ಡರಿನ ಮಾತೆಲ್ಲ ಹಿಂದೆ ಬಿದ್ದಿದೆ. ಅತ್ತೆಯ ಪ್ರಶ್ನೆ ಕ್ಯಾಮೆರಾದ ಮೈಕಿಗೇ ಸಿಕ್ಕಿದ್ದು; ಬೆನ್ನು ತಿರುಗಿಸಿದ್ದ ನನ್ನ ಉತ್ತರ ಅದಕ್ಕೆ ಕೇಳಿಸಿಲ್ಲ. ನಾನು ಬೇಡ ಅಂದಿದ್ದು ಅದಕ್ಕೂ ಮೊದಲು, ಕಾಫಿಗೆ. ಯಾರೋ ಮತ್ತೊಂದು ಲೋಟ ಮುಂದೆ ಹಿಡಿದಿದ್ರು.”

“ಕಾಫಿಗಾ...” ಅವಳ ದನಿ ಪಿಸುಮಾತಾಗಿತ್ತು. “ಹಾಗಾದ್ರೆ ಅತ್ತೆಗೆ ಏನಂದ್ರಿ?”

ಅವನ ಕಿವಿ ಕೆಂಪಾಯಿತು. “ಅದು ಬೇಡ ಬಿಡಿ.”

“ಮತ್ತೆ ಬೇಡಾನಾ?”

ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ. ಹಿಂದೆ ಬಿದ್ದಿದ್ದ ಮಾತಿನ ಪಟ್ಟಿಯನ್ನು ಚೂರುಚೂರೇ ಮುಂದಕ್ಕೆ ಎಳೆದ. ಚಪ್ಪಾಳೆ ಇಲ್ಲದಿದ್ದರೇನು, ಅತ್ತೆಯ ಪ್ರಶ್ನೆಯೇ ಗುರುತಾಯಿತು. ಕ್ಯಾಮೆರಾದಲ್ಲಿದ್ದ ದನಿ, ಕಾಲರಿನಲ್ಲಿದ್ದ ದನಿ ಹತ್ತಿರ ಹತ್ತಿರ ಬಂದು ಒಂದೇ ಆದವು.

“...ಅವರ ಮನೇಲಿ ನಾನು ಕೇಳ್ಲಾ?”

“ನೀವು ಕೇಳ್ಬೇಡಿ ಅತ್ತೆ. ನಾನೇ ಕೇಳ್ತೀನಿ. ಇಲ್ಲ ಅನ್ನೋದಾದ್ರೆ ಅವರು ನನ್ನ ಮುಖ ನೋಡ್ಕೊಂಡೇ ಅನ್ನಲಿ. ಆದ್ರೆ ಅನ್ನದೇ ಇದ್ರೆ ಸಾಕು ಅಂತ ದಿನಾ ಅಂದ್ಕೋತಿದ್ದೀನಿ.”

ಅತ್ತೆ ನಕ್ಕರು, ಕೆನ್ನೆ ಹಿಂಡಿದರು. ಈಗ ಎಲ್ಲವೂ ಕೂಡಿಬಂದಿತ್ತು. ಅವಳ ಕಣ್ಣು ಮಾತ್ರ ಮಂಜಾಗಿತ್ತು.

“ಸರಿ, ಕೇಳಿ ಮತ್ತೆ,” ಎಂದಳು.

“ಈಗ್ಲೇನಾ?”

“ಮುಖ ನೋಡ್ಕೊಂಡೇ ನಿಂತಿದ್ದೀನಲ್ಲ.”

ಅವನು ಎದ್ದು ನಿಂತ. ಭಾಷಣ ಮಾಡಿದವನಿಗೆ ಈಗ ನಾಲಿಗೆ ಹೊರಳಲಿಲ್ಲ. “ನಿಮಗೆ... ನಾನು ಹಿಡಿಸ್ತೀನಾ?”

ಅವಳು ಬಲಗೈ ಎತ್ತಿ ಅಂಗೈ ಮುಂದೆ ಹಿಡಿದಳು. “ಒಂದು ಕೈಯಲ್ಲಿ ಚಪ್ಪಾಳೆ ಆಗಲ್ವಂತೆ. ಅವತ್ತು ಬಾಕಿ ಉಳಿದಿದ್ದು ಇದು.”

ಅವನ ಅಂಗೈ ಮೆಲ್ಲನೆ ಬಂದು ಅವಳ ಅಂಗೈಗೆ ತಾಕಿತು. ಸದ್ದೇನೂ ದೊಡ್ಡದಾಗಿ ಬರಲಿಲ್ಲ. ಇಬ್ಬರೂ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

“ಇದೂ ಅಂದಾಜೇನಾ?” ಕೇಳಿದ.

“ಅಲ್ಲ,” ಎಂದಳು. “ಇದನ್ನ ಅಳತೆ ತಗೊಂಡೇ ಹೇಳ್ತಿದ್ದೀನಿ.”