ಫುಮಿಯವರ ಹೆಗಲುಹೊದಿಕೆ

"ನಾನು ಏನನ್ನೂ ಮರೆತಿಲ್ಲ ಅಮ್ಮಾ," ಎಂದ ಸುಗತಾನಿ. ನನ್ನ ಚಹಾದಂಗಡಿಯಲ್ಲಿ ಅವನ ಮುಂದಿನ ಚಹಾ ತಣ್ಣಗಾಗಿತ್ತು.

ಅವನು ಜಪಾನಿನ ತೊಯಾಮಾ ಊರಿನ ಆಸ್ಪತ್ರೆಯೊಂದರಲ್ಲಿ, ಎದೆಬಡಿತ ಸರಿಯಾಗಿಡಲು ಎದೆಯೊಳಗೆ ಕೂರಿಸುವ ಪೇಸ್‌ಮೇಕರ್ ಯಂತ್ರದ ತಂತ್ರಜ್ಞ. ಪೇಸ್‌ಮೇಕರ್ ಇದ್ದವರಿಗೆ ಎಂ.ಆರ್.ಐ. ಮಾಡುವ ಮುನ್ನ ಅದನ್ನು ಸುರಕ್ಷಿತ ಕ್ರಮಕ್ಕೆ ಹೊಂದಿಸಿ, ಆಮೇಲೆ ಮೊದಲಿನಂತೆ ಮಾಡುವುದು ಅವನ ಕೆಲಸ. ಪೇಸ್‌ಮೇಕರ್ ಇದ್ದ ಮಿಜುಹಾಶಿ ಫುಮಿ ಎಂಬ ವೃದ್ಧೆಗೆ ಹೃದಯದ ಸ್ಕ್ಯಾನ್ ಆದಂದಿನಿಂದ ರಾತ್ರಿಯೆಲ್ಲ ಎದೆ ಬಡಿದುಕೊಳ್ಳುತ್ತಿತ್ತು. ಈ ಹುಡುಗನೇ ಕೆಡಿಸಿದನೆಂದು ಗಂಡ ಗೆಂಪೆ ದೂರಿತ್ತರು. ಹಗಲಿನ ಪರೀಕ್ಷೆಯಲ್ಲಿ ದೋಷ ಕಾಣದಿದ್ದರೂ ಡಾಕ್ಟರ್ ಹೋರಿಯೆ ಅವನನ್ನು ಕೆಲಸದಿಂದ ಬಿಡಿಸಿ ಮನೆಗೆ ಕಳಿಸಿದ್ದರು. ಚಿಕಿತ್ಸೆಗೆ ಬೇಕಿದ್ದ ಇನ್ನೊಂದು ಸ್ಕ್ಯಾನಿಗೆ ಫುಮಿ ಒಪ್ಪುತ್ತಿರಲಿಲ್ಲ.

ಪೊಲೀಸ್ ಕೆಲಸದಿಂದ ನಿವೃತ್ತರಾಗಿದ್ದ ನೆರೆಮನೆಯ ಇಸುರುಗಿಯವರ ಜೊತೆ, ನಿಜವೇನೆಂದು ತಿಳಿಯಲು ನಾನೂ ಫುಮಿಯವರ ಮನೆಗೆ ಹೋದೆ.

"ಎದೆ ಬಡ್ಕೊಳ್ಳೋಕೆ ಶುರುವಾದ್ಮೇಲೆ ಪರೀಕ್ಷೆಗೆ ಅಂತ ಆಸ್ಪತ್ರೇಲಿ ಒಂದು ರಾತ್ರಿ ಇದ್ರಲ್ಲ, ಆಗ?" ಇಸುರುಗಿ ಕೇಳಿದರು.

"ಒಳ್ಳೇ ನಿದ್ದೆ ಬಂತು. ಇವರ ಗೊರಕೆ ಇರ್ಲಿಲ್ವಲ್ಲ!" ಫುಮಿ ನಕ್ಕರು.

ಪರ್ಸಿಮನ್ ಹಣ್ಣು ಸುಲಿಯುತ್ತಿದ್ದ ಗೆಂಪೆ ನಗಲಿಲ್ಲ.

"ಮಧ್ಯಾಹ್ನ ಮಲಗಿದ್ರೆ?"

"ಇಲ್ಲೇ ಒರಗ್ತೀನಿ. ಏನೂ ಆಗಲ್ಲ."

ಒಳಗೆ ಮಡಿಸಿಟ್ಟ ಹಾಸಿಗೆಯ ಮೇಲೆ ಅವರು ಚಳಿಗೆಂದು ರಾತ್ರಿ ತೊಡುವ ಹತ್ತಿಯ ಹೆಗಲುಹೊದಿಕೆ ಇತ್ತು. ಎತ್ತಿದೆ. ಪಕ್ಕದ ಡಬ್ಬಿಯ ಗುಂಡುಸೂಜಿಯೊಂದು ಅದಕ್ಕೆ ಚುಚ್ಚದೆಯೇ ತೂಗಾಡುತ್ತ ಬಂತು. ನಾನು ಅದನ್ನು ಡಬ್ಬಿಗೆ ಹಾಕಿದೆ. ಇಸುರುಗಿ ಎಡ ಅಂಚಿನ ಹೊಲಿಗೆ ನೋಡುತ್ತಿದ್ದರು.

"ನೀವೇ ಹೊಲಿದದ್ದಾ?"

"ಮತ್ಯಾರು? ನನ್ನಷ್ಟು ಸಣ್ಣ ಹೊಲಿಗೆ ಈ ಬೀದೀಲಿ ಯಾರಿಗೂ ಬರಲ್ಲ."

ಇಸುರುಗಿ ಹೊದಿಕೆಯನ್ನು ಇದ್ದಲ್ಲೇ ಇಟ್ಟರು. ಗೋಡೆಯಲ್ಲಿ ಗೆಂಪೆಯವರ ದಪ್ಪ ಸೂಜಿಗಳು ತೂಗುತ್ತಿದ್ದವು. ಅವರು ಜೀವನವಿಡೀ ನೆಲಕ್ಕೆ ಹಾಸುವ ದಪ್ಪ ಹುಲ್ಲಿನ ತತಾಮಿ ಚಾಪೆ ಹೊಲಿದವರು.

ಮರುದಿನ ಇಸುರುಗಿ ಡಾಕ್ಟರನ್ನೂ ಸುಗತಾನಿಯನ್ನೂ ಅದೇ ಕೋಣೆಗೆ ಕರೆಸಿದರು.

"ನಿನ್ನೆ ರಾತ್ರಿ ಹೇಗಿತ್ತಮ್ಮಾ?"

"ಆಶ್ಚರ್ಯ! ಒಂದಿಷ್ಟೂ ಬಡ್ಕೊಳ್ಲಿಲ್ಲ."

ಇಸುರುಗಿ ಹೊದಿಕೆಗೆ ಗುಂಡುಸೂಜಿ ತಾಗಿಸಿದರು. ಬಿದ್ದುಹೋಯಿತು.

"ನಿನ್ನೆ ಇದು ಅಂಟ್ಕೊಂಡಿತ್ತು. ಒಳಗೆ ಆಯಸ್ಕಾಂತ ಇತ್ತು. ಆಸ್ಪತ್ರೇಲಿ, ಮಧ್ಯಾಹ್ನ ಇವರು ಈ ಹೊದಿಕೆ ತೊಡಲ್ಲ; ಆಗೆಲ್ಲ ತೊಂದರೆ ಇಲ್ಲ. ಎಡ ಅಂಚು ಕೂರೋದು ಪೇಸ್‌ಮೇಕರ್ ಮೇಲೇ. ಆಯಸ್ಕಾಂತ ಹತ್ತಿರ ಇದ್ರೆ ಅದು ಒಂದೇ ವೇಗದಲ್ಲಿ ಓಡತ್ತೆ, ಸರಿದ್ರೆ ಮೊದಲಿನಂಗೆ. ಅಲ್ವಾ ಡಾಕ್ಟರೇ?"

ಹೋರಿಯೆ ನೆಲ ನೋಡುತ್ತ ತಲೆಯಾಡಿಸಿದರು.

"ಫುಮಿಯವರ ಹೊಲಿಗೆ ಸಣ್ಣದು. ಈ ಅಂಚಲ್ಲಿರೋದು ಚಾಪೆ ಸೂಜಿಯ ತೂತು. ನಾವು ಹೋದಮೇಲೆ ಯಾರೋ ಹೊಲಿಗೆ ಬಿಚ್ಚಿದಾರೆ. ಹೆಂಡತಿ ಜೀವ ಉಳೀತು. ಹುಡುಗನ ಮೇಲಿನ ದೂರು ಮಾತ್ರ ಹಾಗೇ ಉಳೀತು."

ಗೆಂಪೆ ತಮ್ಮ ಅಂಗಿಯ ತೋಳಿನೊಳಗಿಂದ ಗುಂಡಿಯಂಥ ಆಯಸ್ಕಾಂತಗಳನ್ನು ತೆಗೆದಿಟ್ಟರು. ಬಿದ್ದಿದ್ದ ಸೂಜಿ ಟಕ್ಕನೆ ಹೋಗಿ ಅಂಟಿತು.

"ಹೆಗಲು ನೋವು ಅಂತ ನರಳ್ತಿದ್ಲು. ಆಯಸ್ಕಾಂತ ಇಟ್ರೆ ನೋವು ಹೋಗತ್ತೆ ಅಂತಾರಲ್ಲ. ಸ್ಕ್ಯಾನ್ ಯಂತ್ರದ ಅಷ್ಟು ದೊಡ್ಡ ಆಯಸ್ಕಾಂತದೊಳಗೆ ಹೋಗಿಬಂದವಳಿಗೆ ಇವೇನು ಮಾಡಾವು ಅಂದ್ಕೊಂಡೆ. ನಿನ್ನೆ ನೀವು ಕೇಳಿದಾಗ್ಲೇ ಗೊತ್ತಾಗಿದ್ದು. ಬೆಳಿಗ್ಗೆ ಹೇಳಬೇಕಿತ್ತು... ಬಾಯಿ ಬರ್ಲಿಲ್ಲ."

"ಅಲ್ಲಿ ಮೊದಲೇ ಹೊಂದಿಸಿ, ಮುಗಿಯೋವರೆಗೂ ಕಣ್ಣಿಟ್ಟಿದ್ವಿ ತಾತ," ಎಂದ ಸುಗತಾನಿ ಮೆಲ್ಲಗೆ.

ಗೆಂಪೆ ಹೆಂಡತಿಯತ್ತ ತಿರುಗಿ ಬಾಗಿದರು.

"ನನಗಲ್ಲ," ಎಂದರು ಫುಮಿ. "ಆ ಹುಡುಗನಿಗೆ."

ಗೆಂಪೆ ಸುಗತಾನಿಯ ಮುಂದೆ, ತಾವೇ ಹೊಲಿದ ಚಾಪೆಗೆ ಹಣೆ ಹಚ್ಚಿದರು. ಸ್ವಲ್ಪ ತಡವಾಗಿ ಡಾಕ್ಟರೂ ಬಾಗಿದರು. ಸುಗತಾನಿಗೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ, ನನಗೂ.

"ಇನ್ನೊಂದು ಸ್ಕ್ಯಾನ್ ಇದೆಯಂತಲ್ಲ ಮಗಾ," ಎಂದರು ಫುಮಿ. "ನೀನಿದ್ರೆ ಬರ್ತೀನಿ."

"ಇರ್ತೀನಮ್ಮ."

ಗೆಂಪೆ ಇನ್ನೂ ತಲೆ ಎತ್ತಿರಲಿಲ್ಲ.