ಅಳಿಸಿದ ಖಾತೆ

ಕಲ್ಲೋಳಿಯ ಕಂಪ್ಯೂಟರ್ ತರಗತಿಯಲ್ಲಿ ಕೀಲಿಮಣೆಯ ಧೂಳು ಒರೆಸುತ್ತಿದ್ದೆ. ಜೊತೆಗೆ ಕಲಿಯುತ್ತಿದ್ದ ಬಾಳವ್ವ ತೀರಿಕೊಂಡಿದ್ದಳು. ಮುನಿಸಿಕೊಂಡು ಹತ್ತರಗಿಯಲ್ಲಿರುವ ಮಗಳಿಗೆ ಆಕೆ ಟೈಪ್ ಮಾಡಿಟ್ಟಿದ್ದ ಪತ್ರವನ್ನು ನಾನು ಕಳಿಸಬೇಕಿತ್ತು. ಕಳಿಸಲು ಹೋದಾಗಲೆಲ್ಲ ಯಂತ್ರ ನಿಂತುಬಿಡುತ್ತಿತ್ತು, ನನಗೂ ಸಾಕಾಗಿತ್ತು.

“ಟಾಸ್ಕ್ ಮ್ಯಾನೇಜರ್ ತಗೀರಿ, ಅವ್ವಾರ. ಯಾವುದು ಹೆಚ್ಚು ತಿನ್ನಾಕತ್ತೈತಿ ನೋಡ್ರಿ,” ಎಂದಳು ಕಲಿಸುವ ನಾಗರತ್ನಾ.

ನೋಡಿದೆ. ನನ್ನ ಹೆಸರಿನ ಕೆಳಗೆ ಬಾಳವ್ವನ ಹೆಸರಿತ್ತು. ಯಂತ್ರದ ಶಕ್ತಿಯನ್ನೆಲ್ಲ ಅದೇ ನುಂಗುತ್ತಿತ್ತು.

“ಅವರ ಖಾತೆ ಮೊನ್ನೆನ ಅಳಿಸೇನ್ರಿ!”

“ಸತ್ತರೂ ಕುರ್ಚಿ ಬಿಡವಲ್ಲಳ ನೋಡ,” ಎಂದೆ.

ನಾಗರತ್ನಾ ನಗಲಿಲ್ಲ, ಹೊರಗಿನಿಂದ ಯಾರೋ ಒಳಹೊಕ್ಕಿರಬೇಕೆಂದು ಇಂಟರ್ನೆಟ್ ವೈರು ಕಿತ್ತಳು. ಒಳಗಿನ ಫ್ಯಾನು ಭೋರೆನ್ನುತ್ತಿದ್ದರೂ ಕಂಪ್ಯೂಟರಿನ ಡಬ್ಬಿ ತಣ್ಣಗಿತ್ತು.

“ಹಂಗಾದ್ರ ನೀನ ಕಳಸವಾ,” ಎಂದು ಪರದೆಯ ಮೇಲಿದ್ದ ಬಾಳವ್ವನ ಹೆಸರಿಗೆ ಹೇಳಿ ನಾನು ಕೈ ಹಿಂದೆಗೆದೆ.

ವೈರು ಇನ್ನೂ ನಾಗರತ್ನಾಳ ಕೈಯಲ್ಲಿದ್ದಾಗಲೇ, ಪತ್ರ ಹೋಯಿತೆಂದು ಪರದೆಯಲ್ಲಿ ಮೂಡಿತು.